ಕೆಮ್ಮನ್ನು ಕೇಳುವವರು

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಕೆಮ್ಮಿನ ವಿಷಯದಲ್ಲಿ ಅಷ್ಟಿಷ್ಟು ಪಾಂಡಿತ್ಯ ಬಂದೇ ಬರುತ್ತದೆ. ಗೆಳೆಯನ ಪರವಾಗಿ ಹಾಜರಿ ಹೇಳುವ ಮುನ್ನ ದನಿ ಬದಲಿಸಿಕೊಳ್ಳಲು ಕೆಮ್ಮುವ ಕೆಮ್ಮು ಒಂದು. ಹಳಗನ್ನಡದ ಪದ್ಯ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚುಗಳಿಂದ ಏಳುವ ಸಾಮೂಹಿಕ ಕೆಮ್ಮು ಇನ್ನೊಂದು. ಪ್ರಿನ್ಸಿಪಾಲರು ತಾವು ಬಂದಿರುವುದನ್ನು ಬಾಗಿಲಲ್ಲೇ ತಿಳಿಸುವ ಕೆಮ್ಮು ಮತ್ತೊಂದು. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ನಮ್ಮ ಹಿರಿಯರು ನೆಗಡಿಗೆ ಒಂದು ಸ್ಥಾನವನ್ನಾದರೂ ಕೊಟ್ಟರು. ಪಾಪ, ಕೆಮ್ಮಿಗೆ ಅಷ್ಟೂ ದಕ್ಕಲಿಲ್ಲ. ಎದುರಿಗಿದ್ದವರು ಕೆಮ್ಮಿದರೆ "ಬಿಸಿನೀರು ಕುಡೀರಿ" ಎನ್ನುತ್ತೇವೆ, ನಮ್ಮ ಮಾತನ್ನು ಮುಂದುವರಿಸುತ್ತೇವೆ.

ಹೀಗಿರುವಾಗ, ಕೆಮ್ಮನ್ನು ಕಿವಿಗೊಟ್ಟು ಕೇಳುವುದನ್ನೇ ಕೆಲಸವಾಗಿ ಮಾಡಿಕೊಂಡ ಒಬ್ಬ ಹೆಂಗಸಿನ ಪರಿಚಯವಾಯಿತು. ನಮ್ಮ ಕಾಲೇಜು ಬೆಂಗಳೂರಿನಲ್ಲಿದೆ. ಅದರ ಹಿಂಬದಿಯ ಗೋಡೆಗೆ ತಾಗಿದಂತೆ ಒಂದು ಕೊಳಗೇರಿ. ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿದ್ದುದರಿಂದ, ಅಲ್ಲಿಯ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತುವ ಅವಕಾಶವೂ ಒದಗಿತು. ಹಳ್ಳಿಗಳಲ್ಲಿ ೨೦೦೫ರಲ್ಲಿ ಆರಂಭವಾದ ಈ ವ್ಯವಸ್ಥೆ ೨೦೧೩ರ ನಗರ ಆರೋಗ್ಯ ಅಭಿಯಾನದೊಂದಿಗೆ ಪಟ್ಟಣಗಳ ಬಡ ಕೇರಿಗಳಿಗೂ ಬಂದಿತು. ಕಾಗದದ ಲೆಕ್ಕದಲ್ಲಿ ಒಬ್ಬಾಕೆಗೆ ಇನ್ನೂರರಿಂದ ಐನೂರು ಮನೆ. ಅವರಿಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಹಣ ಕಡಮೆ ಇದ್ದಲ್ಲಿ ಸಂಸ್ಕೃತ ಶಬ್ದ ಜಾಸ್ತಿ ಇರುತ್ತದೆಂಬುದು ಕನ್ನಡ ಮೇಷ್ಟರಾದ ನಮಗೆ ಹೊಸ ಸಂಗತಿಯೇನಲ್ಲ.

ಕೇರಿಯವರಿಗೆಲ್ಲ ಆಕೆ "ಅಕ್ಕ". ನಾನೂ ಹಾಗೆಯೇ ಕರೆಯುತ್ತೇನೆ. ಅಕ್ಕನ ಸಮೀಕ್ಷೆಯ ರೀತಿಯೇ ಬೇರೆ. ನಮ್ಮ ಹುಡುಗರು ಕೈಯಲ್ಲಿ ಪಟ್ಟಿ ಹಿಡಿದು, "ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ? ಸಂಜೆ ಜ್ವರ? ತೂಕ ಇಳಿದಿದೆಯೇ?" ಎಂದು ಜನಗಣತಿಯವರಂತೆ ಕೇಳುವರು, ಎಲ್ಲ ಮನೆಯಿಂದಲೂ "ಇಲ್ಲ" ಎಂಬ ಒಂದೇ ಉತ್ತರ. ಅಕ್ಕ ಹೊಸ್ತಿಲಲ್ಲಿ ಕುಳಿತು ಅಲ್ಲಿದ್ದ ಸೊಪ್ಪನ್ನು ಸೋಸತೊಡಗುವರು.

"ಏನಮ್ಮಾ, ನಿಮ್ಮನೆಯೋರಿಗೆ ರಾತ್ರಿ ನಿದ್ದೆ ಬರ್ತದಾ?"

"ಎಲ್ಲಿ ಬರ್ತದಕ್ಕ, ಒಂದೇ ಸಮ ಕೆಮ್ಮು. ನಮಗೂ ನಿದ್ದೆಯಿಲ್ಲ."

"ಯಾವಾಗಿನಿಂದ?"

"ಮಾರಮ್ಮನ ಹಬ್ಬದಿಂದ."

ಮಾರಮ್ಮನ ಹಬ್ಬವಾಗಿ ಎರಡೂವರೆ ತಿಂಗಳಾಗಿತ್ತು. ಗಂಡಸರನ್ನು ಕೇಳಿದರೆ ಕೆಮ್ಮು ಬೀಡಿಯದು ಎನ್ನುತ್ತಾರೆ. ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು ಎಂಬುದು ಅಕ್ಕನ ಸಿದ್ಧಾಂತ.

ಅದೇ ಸುತ್ತಿನಲ್ಲಿ ಅಕ್ಕ ಪ್ರತಿ ಮನೆಯ ನೀಲಿ ಡ್ರಮ್ಮಿನ ಮುಚ್ಚಳವನ್ನೂ ಎತ್ತಿ ಟಾರ್ಚು ಬಿಟ್ಟು ನೋಡುತ್ತಾರೆ. ಡೆಂಗೀ ಸೊಳ್ಳೆಗೆ ಚರಂಡಿ ಬೇಡ, ತಿಳಿನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು. "ನೀರನ್ನು ಶೇಖರಿಸಿಡಬೇಡಿ" ಎಂದು ಗೋಡೆಯ ಮೇಲೆ ಬರೆಸಿದ್ದಾರೆ. ವಾರಕ್ಕೆರಡು ಸಲ ನಲ್ಲಿ ಬರುವ ಕೇರಿಯಲ್ಲಿ ನೀರನ್ನು ಇನ್ನೇನು ಮಾಡಬೇಕೆಂದು ಬರೆಸಿದವರು ತಿಳಿಸಿಲ್ಲ. ಅಕ್ಕ ಗೋಡೆಬರಹದ ಗೊಡವೆಗೆ ಹೋಗದೆ, ಹಳೆಯ ಸೀರೆಯ ತುಂಡನ್ನು ಡ್ರಮ್ಮಿನ ಬಾಯಿಗೆ ಬಿಗಿದು ಕಟ್ಟುವುದನ್ನು ಕಲಿಸಿದ್ದಾರೆ.

ಮಾರಮ್ಮನ ಹಬ್ಬದಿಂದ ಕೆಮ್ಮುತ್ತಿದ್ದಾತ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಹತ್ತಡಿಗೆ ಹತ್ತಡಿಯ ಬಾಡಿಗೆ ಕೋಣೆ, ಹೆಂಡತಿ, ಇಬ್ಬರು ಮಕ್ಕಳು. ವೈದ್ಯರನ್ನು ಕಾಣದೆ ಕುಳಿತವನಲ್ಲ. ಒಂದು ಕ್ಲಿನಿಕ್ಕು, ಎರಡು ಔಷಧದ ಅಂಗಡಿ ಆಗಿತ್ತು. ಪ್ರತಿ ಸಲವೂ ಕೆಮ್ಮಿನ ಔಷಧದ ಒಂದು ಸೀಸೆ ಕೊಟ್ಟು ಕಳಿಸಿದ್ದರು. ಖಾಲಿ ಸೀಸೆಗಳು ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವು.

ಇದು ಹಳೆಯ ಕಥೆ. ಬೆಂಗಳೂರಿನಲ್ಲೇ ೧೯೬೦ರಲ್ಲಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ೧೯೬೩ರಲ್ಲಿ ಒಂದು ಲೇಖನ ಪ್ರಕಟಿಸಿದರು. ಜನ ಅಜ್ಞಾನಿಗಳು, ರೋಗವಿದ್ದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗಲೂ ಚಾಲ್ತಿಯಲ್ಲಿತ್ತು. ಇವರು ಕಂಡದ್ದು ಬೇರೆ: ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಸ್ಥಿತಿಯ ಚಿಂತೆಯಿತ್ತು, ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು, ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂತಿರುಗಿದ್ದರು. ರೋಗಿ ಬಂದಿದ್ದ, ಕೇಳುವವರು ಕೇಳಿಸಿಕೊಳ್ಳಲಿಲ್ಲ. ಅರುವತ್ತು ವರ್ಷಗಳ ಮೇಲೆ ಆ ಕಿಟಕಿಯ ಸೀಸೆಗಳನ್ನು ನೋಡಿದಾಗ ನನಗೆ ಸಿಟ್ಟು ಬಂದದ್ದು ನಿಜ.

ಅಕ್ಕನಿಗೆ ಸಿಟ್ಟಿಗೆ ಪುರುಸೊತ್ತಿರಲಿಲ್ಲ. ಮರುದಿನವೇ ಆತನ ಕಫವನ್ನು ಡಬ್ಬಿಯಲ್ಲಿ ನಗರ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿದರು. ಅದನ್ನು ಪರೀಕ್ಷಿಸುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲೇ ರೂಪುಗೊಂಡದ್ದು. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ರೋಗ ಕ್ಷಯವೇ ಎಂದು ತಿಳಿಯಿತು.

ಕ್ಷಯಕ್ಕೆ ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ರಾಜಯಕ್ಷ್ಮವೆಂದು ಹೆಸರು. ರೋಹಿಣಿಯೊಬ್ಬಳಲ್ಲೇ ಅನುರಕ್ತನಾದ ಚಂದ್ರನಿಗೆ ಮಾವನಾದ ದಕ್ಷ ಕೊಟ್ಟ ಶಾಪವದು. ದೇವಲೋಕದ ಅಳಿಯಂದಿರ ಕಾಯಿಲೆ ಗಾಳಿಯಾಡದ ಬಾಡಿಗೆ ಕೋಣೆಗೆ ಇಳಿದು ಬಂದಿದೆ. ಶಾಪದ ಭಾಗ ಮಾತ್ರ ಹಾಗೆಯೇ ಉಳಿದಿದೆ. ಬಣ್ಣದ ಕೆಲಸದಾತ ಮೊದಲು ಕೇಳಿದ ಪ್ರಶ್ನೆ, "ವಾಸಿಯಾಗ್ತದಾ?" ಎಂದಲ್ಲ, "ಮನೆ ಓನರಿಗೆ ಗೊತ್ತಾಗ್ತದಾ?" ಎಂದು. ಅಂದಿನಿಂದ ಅಕ್ಕ ಆ ಮನೆಗೆ ಗುಲಾಬಿ ಬಣ್ಣದ ಸಮವಸ್ತ್ರದ ಸೀರೆಯುಟ್ಟು ಹೋಗಲಿಲ್ಲ. ಮನೆಯ ಸೀರೆಯುಟ್ಟು, ಚೀಟಿಯ ಹಣ ವಸೂಲಿಗೆ ಬಂದವರಂತೆ ಹೋಗಿ, ಮಾತ್ರೆಯ ಪಟ್ಟಿ ಎಣಿಸಿ ಬರುವರು. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ರಕ್ತವೆಂದು ಹೆದರಿ ನಿಲ್ಲಿಸಬೇಡಿ ಎಂದು ಮುಂಚಿತವಾಗಿಯೇ ಹೇಳಿದ್ದರು. ಔಷಧ ಆರು ತಿಂಗಳದು. ಕೆಮ್ಮೋ ಎರಡನೆಯ ತಿಂಗಳಿಗೇ ನಿಲ್ಲುತ್ತದೆ, ಅಪಾಯವಿರುವುದೂ ಅಲ್ಲೇ. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ಮದ್ದಿಗೆ ಬಗ್ಗದಂತೆಯೂ ಆಗಬಹುದು.

ಈ ವೇಳೆಗೆ ನಮ್ಮ ಅಧ್ಯಾಪಕರ ಕೊಠಡಿಯೂ ಇದರಲ್ಲಿ ಸೇರಿಕೊಂಡಿತು. ೨೦೨೨ರಲ್ಲಿ ಸರ್ಕಾರ ಆರಂಭಿಸಿದ "ನಿಕ್ಷಯ ಮಿತ್ರ" ಯೋಜನೆಯಲ್ಲಿ, ರೋಗಿ ಒಪ್ಪಿದರೆ, ಯಾರು ಬೇಕಾದರೂ ಆತನ ಮನೆಗೆ ಆಹಾರದ ಬುಟ್ಟಿ ಕೊಡಬಹುದು. ಆತ ಒಪ್ಪಿದ. ನಾವು ಆರು ಮಂದಿ ತಿಂಗಳಿಗಿಷ್ಟೆಂದು ಹಾಕಿ ಬೇಳೆ, ಕಡಲೆಕಾಯಿ, ಎಣ್ಣೆ, ಮೊಟ್ಟೆ ಕಳಿಸಿದೆವು. ನಮ್ಮ ಸಂಸ್ಕೃತದ ಮಿತ್ರರು ಹಣ ಕೊಡುವ ಮೊದಲು "ನಿಕ್ಷಯ"ದಲ್ಲಿ ವಿಸರ್ಗ ಬಿದ್ದುಹೋಗಿರುವುದನ್ನು ಕುರಿತು ಕಾಲು ಗಂಟೆ ಮಾತಾಡಿದರು. ಆಮೇಲೆ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಸರ್ಕಾರವೂ ರೋಗಿಯ ಖಾತೆಗೆ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಹಾಕುತ್ತಿತ್ತು. ೨೦೨೪ರ ನವೆಂಬರಿನಿಂದ ಅದು ೧,೦೦೦ ಆಗಿದೆ.

ಊಟದ ಮಾತು ದಾನಧರ್ಮದ್ದೆಂದು ಯಾರೂ ತಿಳಿಯಬಾರದು. ೧೯೫೦ರ ದಶಕದ ಕೊನೆಯಲ್ಲಿ ಮದರಾಸಿನ ಇಕ್ಕಟ್ಟಾದ ಬಡ ಕೇರಿಗಳ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿನಲ್ಲೂ ಕೆಲವರನ್ನು ಮನೆಯಲ್ಲೂ ಇಟ್ಟು ಒಂದೇ ಔಷಧ ಕೊಟ್ಟು ನೋಡಿದರು. ಮನೆಯವರೂ ಅಷ್ಟೇ ಚೆನ್ನಾಗಿ ಗುಣವಾದರು; ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಜಗತ್ತಿನಲ್ಲೆಲ್ಲ ಸ್ಯಾನಟೋರಿಯಮ್ಮುಗಳ ಕಾಲ ಮುಗಿಯಲು ಆ ಕೇರಿಗಳು ಕಾರಣವಾದವು. ಆದರೆ ಮದ್ದೊಂದಿದ್ದರೆ ಸಾಕು, ಅನ್ನದ ಚಿಂತೆ ಬೇಡ ಎಂದೂ ಕೆಲವರು ಅದರಿಂದ ಅರ್ಥಮಾಡಿಕೊಂಡರು. ಇದಕ್ಕೆ ಉತ್ತರ ಬರಲು ಬಹುಕಾಲ ಹಿಡಿಯಿತು. ಮಂಗಳೂರಿನ ಯೇನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ರೋಗಿಗಳ ಮನೆಮಂದಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನ ವಯಸ್ಕರಿಗೆ ತಿಂಗಳಿಗೆ ತಲಾ ೫ ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ, ಪೋಷಕಾಂಶದ ಮಾತ್ರೆ ಕೊಟ್ಟರು. ೨೦೨೩ರಲ್ಲಿ ಫಲಿತಾಂಶ ಪ್ರಕಟವಾಯಿತು: ಉಂಡವರಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇಕಡಾ ೩೯ರಷ್ಟು ಕಡಮೆ, ಅಂಟುವ ಬಗೆಯ ಕ್ಷಯವಂತೂ ಶೇಕಡಾ ೪೮ರಷ್ಟು ಕಡಮೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ನಾವು ತಮಾಷೆಗೆ ಬಳಸುತ್ತೇವೆ. ವೈದ್ಯ ಅದನ್ನು ಲೆಕ್ಕಹಾಕಿ ಹೇಳುವ ಕಾಲ ಬಂದಿದೆ.

ನಾಲ್ಕನೆಯ ತಿಂಗಳಲ್ಲಿ ಆತನ ಕೋಣೆಗೆ ಬೀಗ ಬಿದ್ದಿತ್ತು. ಬಾಡಿಗೆ ಏರಿಸಿದ್ದರಂತೆ, ರಾತ್ರೋರಾತ್ರಿ ಸಾಮಾನು ಹೇರಿಕೊಂಡು ಹೋಗಿದ್ದರು. ಮೊಬೈಲು ಸದ್ದಿಲ್ಲ. ಹಳ್ಳಿಯಾಗಿದ್ದರೆ ಯಾರಾದರೂ ಹೇಳುತ್ತಿದ್ದರು. ನಗರದಲ್ಲಿ ಒಂದು ಸಂಸಾರ ಕಾಣೆಯಾಗಲು ಒಂದು ಲಗೇಜ್ ಆಟೊ ಸಾಕು. ಆತನ ಹೆಂಡತಿ ಮನೆಗೆಲಸಕ್ಕೆ ಹೋಗುತ್ತಿದ್ದ ಅಪಾರ್ಟ್‌ಮೆಂಟು ಅಕ್ಕನಿಗೆ ಗೊತ್ತಿತ್ತು. ಕೆಲಸ ಬಿಟ್ಟಿರಲಾರಳೆಂದು ಊಹಿಸಿ, ಬೆಳಗಿನ ಆರು ಗಂಟೆಗೆ ಅದರ ಗೇಟಿನ ಬಳಿ ನಿಂತರು. ಮೊದಲ ದಿನ ಸಿಕ್ಕಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಆಕೆ ಎರಡು ಬಸ್ಸು ಬದಲಿಸಿ ಬಂದಿಳಿದಳು. ಅಕ್ಕನನ್ನು ಕಂಡು ಅಲ್ಲೇ ಅತ್ತಳಂತೆ.

ಒಂಬತ್ತು ದಿನದ ಮಾತ್ರೆ ತಪ್ಪಿತ್ತು. ತಪ್ಪಿದ್ದನ್ನು ಕೊನೆಗೆ ಸೇರಿಸಿ ಕೊಡುವುದೆಂದಾಯಿತು. ಕಡತ ಹೊಸ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋಯಿತು. ಅಲ್ಲಿಯ ಆಶಾ ಕಾರ್ಯಕರ್ತೆಗೆ ಅಕ್ಕ ಫೋನು ಮಾಡಿದಾಗ ನಾನು ಆ ತಿಂಗಳ ಬುಟ್ಟಿಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ವಿಳಾಸ ಹೇಳಿದರು, ಮಾತ್ರೆಯ ಲೆಕ್ಕ ಹೇಳಿದರು, ಚಿಕ್ಕ ಮಗುವಿನ ತೂಕ ಮತ್ತೆ ನೋಡಬೇಕೆಂದು ಹೇಳಿದರು. ಫೋನಿಡುವ ಮೊದಲು ದನಿ ತಗ್ಗಿಸಿದರು:

"ಯೂನಿಫಾರಂ ಸೀರೆ ಉಟ್ಕೊಂಡು ಹೋಗ್ಬೇಡಿ ಅಕ್ಕ. ಹೊಸ ಮನೆ."