ಯಾವ ಕಾಲೇಜು, ಮೇಷ್ಟ್ರೇ?

2024ರ ಆಗಸ್ಟ್ ತಿಂಗಳ ಒಂದು ಸಂಜೆ. ಮಳೆ ಹಿಡಿದುಕೊಂಡಿತ್ತು. ಜಗಲಿಯಲ್ಲಿ ಕೊಡೆ ಮಡಿಸುವ ಸದ್ದು ಕೇಳಿ ಹೊರಗೆ ಬಂದರೆ 1992ರ ತಂಡದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ನಿಂತಿದ್ದ. ಆ ತಂಡದವರಿಗೆ ಇವನಾರೆಂದು ಹೇಳದೆಯೇ ತಿಳಿದೀತು: ಹಿಂದಿನ ಬೆಂಚಿನ ಮೂಲೆಯಲ್ಲಿ ಕುಳಿತು ಕಿಟಕಿಯಾಚೆಯ ಗದ್ದೆಯನ್ನೇ ನೋಡುತ್ತಿದ್ದವನು. ಈಗ ನಾಲ್ಕು ಎಕರೆ ಅಡಿಕೆ ತೋಟದ ಯಜಮಾನ. ಕೂದಲು ನನಗಿಂತ ಮೊದಲೇ ಬೆಳ್ಳಗಾಗಿದೆ.

“ಮೇಷ್ಟ್ರೇ, ಇವಳಿಗೆ ದಂತ ವೈದ್ಯಕೀಯ ಸೀಟು ಸಿಗುವ ಹಾಗಿದೆ. ಬೆಂಗಳೂರಿನ ಸರ್ಕಾರಿ ಕಾಲೇಜು ಸಿಗಬಹುದು. ನಮಗೆ ಹತ್ತಿರದ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟೂ ಸಿಗಬಹುದು. ಪಟ್ಟಿಯಲ್ಲಿ ಯಾವುದನ್ನು ಮೊದಲು ಬರೆಯಬೇಕು? ನಿಮ್ಮ ಮಗಳೂ ಅದನ್ನೇ ಓದಿದವರಲ್ಲವೇ?”

ಅವನ ಮಗಳು ಏನೂ ಹೇಳಲಿಲ್ಲ. ನನ್ನ ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ನೋಡುತ್ತ ಕುಳಿತಿದ್ದಳು. ಆ ಮೌನವನ್ನು ನಾನು ಎಲ್ಲೋ ಕಂಡಿದ್ದೇನೆ ಎನ್ನಿಸಿತು. ಎಲ್ಲಿ ಎಂಬುದು ನೆನಪಾದಾಗ, ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟೆ.

ಮೂವತ್ತಾರು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ಕಪ್ಪುಹಲಗೆಯ ಮೇಲೆ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಮುಂದವಡೆ ಹಲ್ಲು, ಮೂರು ಹಿಂದವಡೆ ಹಲ್ಲು ಎಂದು ಬರೆದು ನಾಲ್ಕರಿಂದ ಗುಣಿಸಿ ಮೂವತ್ತೆರಡು ತೋರಿಸಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಆದರೆ ಹಲ್ಲಿನ ವಿದ್ಯೆಯನ್ನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ನಾನು ಒಮ್ಮೆ ಮಾತ್ರ ಉತ್ತರ ಬರೆದಿದ್ದೇನೆ. ಅದಕ್ಕೆ ನನಗೆ ನಾನೇ ಪೂರ್ಣ ಅಂಕ ಕೊಡಲಾರೆ.

2001ರ ಮಾತು. ಈಗಿನ ಹಾಗೆ ಮನೆಯಲ್ಲೇ ಕುಳಿತು ಗಣಕಯಂತ್ರದಲ್ಲಿ ಆಯ್ಕೆ ತುಂಬುವ ವ್ಯವಸ್ಥೆ ಆಗ ಇರಲಿಲ್ಲ. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಖಾಸಗಿ ಕಾಲೇಜುಗಳಲ್ಲಿ ಅರ್ಧದಷ್ಟು ‘ಫ್ರೀ ಸೀಟು’, ಇನ್ನರ್ಧ ‘ಪೇಮೆಂಟ್ ಸೀಟು’ ಎಂಬ ಏರ್ಪಾಡಿತ್ತು. 1994ರಿಂದ ನಮ್ಮ ರಾಜ್ಯದಲ್ಲಿ ಸಿಇಟಿ ಬಂತು. ರ್‍ಯಾಂಕಿನ ಸರದಿಯಂತೆ ಬೆಂಗಳೂರಿಗೆ ಹೋಗಿ, ಮೂಲ ದಾಖಲೆಗಳ ಕಟ್ಟನ್ನು ಎದೆಗವಚಿಕೊಂಡು ಕಾದು, ಅಲ್ಲಿಯೇ ಸೀಟು ಆರಿಸಬೇಕಿತ್ತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದ ತೀರ್ಪು ಬಂದು ಆ ಅರ್ಧ-ಅರ್ಧದ ಲೆಕ್ಕವೇ ಹೋಯಿತು. ನನ್ನ ಮಗಳು ಅದಕ್ಕೆ ಒಂದು ವರ್ಷ ಮೊದಲಿನವಳು.

ಅವಳ ರ್‍ಯಾಂಕಿಗೆ ವೈದ್ಯಕೀಯ ಸಿಗಲಿಲ್ಲ. ದಂತ ವೈದ್ಯಕೀಯದಲ್ಲಿ ಎರಡು ದಾರಿಗಳು ತೆರೆದಿದ್ದವು. ಒಂದು, ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಂಟಿಕೊಂಡಂತಿರುವ ಸರ್ಕಾರಿ ದಂತ ಕಾಲೇಜು. 1958ರಲ್ಲಿ ಆರಂಭವಾದದ್ದು. ಇನ್ನೊಂದು, ನಮ್ಮೂರಿಂದ ಮೂರು ಗಂಟೆಯ ದಾರಿಯ ಒಂದು ಖಾಸಗಿ ಕಾಲೇಜಿನ ಫ್ರೀ ಸೀಟು. ಅದರ ಹೆಸರು ಇಲ್ಲಿ ಬೇಡ. ಶುಲ್ಕದಲ್ಲಿ ಅಂಥ ದೊಡ್ಡ ಅಂತರವಿರಲಿಲ್ಲ. ಹಾಗಾಗಿ ಬಡತನದ ನೆಪ ಹೇಳುವಂತೆಯೂ ಇಲ್ಲ.

ಕೌನ್ಸೆಲಿಂಗ್‌ಗೆ ಮೊದಲು ಎರಡನ್ನೂ ನೋಡಿ ಬಂದೆವು. ಖಾಸಗಿ ಕಾಲೇಜಿನ ಪಡಸಾಲೆಯಲ್ಲಿ ಮುಖ ಕಾಣುವಷ್ಟು ನುಣುಪಾದ ನೆಲ. ಸಾಲಾಗಿ ಜೋಡಿಸಿದ ಹೊಸ ದಂತಚಿಕಿತ್ಸಾ ಕುರ್ಚಿಗಳು, ಕೆಲವಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಎಲ್ಲವೂ ನಿಶ್ಶಬ್ದ, ಶುಭ್ರ. “ಆಸ್ಪತ್ರೆಯೆಂದರೆ ಹೀಗಿರಬೇಕು” ಎಂದೆ ನಾನು. ಬೆಂಗಳೂರಿನ ಕಾಲೇಜಿಗೆ ಹೋದ ದಿನವಾದರೋ ಸಿಟಿ ಮಾರ್ಕೆಟ್ಟಿನ ಗದ್ದಲವನ್ನು ಸೀಳಿಕೊಂಡು ಹೋಗಬೇಕಾಯಿತು. ಹೊರರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿತ್ತು. ದವಡೆಗೆ ಟವೆಲು ಕಟ್ಟಿಕೊಂಡ ಗಾರೆ ಕೆಲಸದವರು, ಕಂಕುಳಲ್ಲಿ ಅಳುವ ಮಗು, ಹೂವಿನ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತ ಮುದುಕಿ. ಹಳೆಯ ಕುರ್ಚಿಗಳು. ನನಗೆ ಉಸಿರು ಕಟ್ಟಿದಂತಾಯಿತು. ಮಗಳು ಮಾತ್ರ ಒಂದು ಕಂಬಕ್ಕೆ ಒರಗಿ ನಿಂತು, ಬಿಳಿಯ ಕೋಟಿನ ಹುಡುಗಿಯೊಬ್ಬಳು ಒಬ್ಬರಾದ ಮೇಲೆ ಒಬ್ಬರ ಬಾಯಿ ನೋಡುವುದನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ “ಅಪ್ಪಾ, ಇಲ್ಲಿ ಕೆಲಸ ತುಂಬ ಇದೆ” ಎಂದಳು. ಅದನ್ನು ನಾನು ದೂರು ಎಂದು ತಿಳಿದೆ! ಪ್ರಯೋಗಾಲಯದಲ್ಲಿ “ಕಣ್ಣಿಂದ ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನಲ್ಲ” ಎಂದು ನಿಮ್ಮನ್ನೆಲ್ಲ ಗದರಿಸುತ್ತಿದ್ದವನು ನಾನೇ.

ಸರದಿ ಬಂದಾಗ, ಯಂತ್ರದ ಮುಂದೆ ಕುಳಿತಿದ್ದ ನೌಕರರು “ಯಾವುದಮ್ಮಾ?” ಎಂದು ಅವಳನ್ನು ಕೇಳಿದರು. ಅವಳ ಬಾಯಿ ತೆರೆಯುವ ಮೊದಲೇ ನಾನು ಖಾಸಗಿ ಕಾಲೇಜಿನ ಹೆಸರು ಹೇಳಿದೆ. ಆ ನೌಕರರು ಒಂದು ಕ್ಷಣ ತಡೆದು ಅವಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಅಷ್ಟೇ. ರಾತ್ರಿ ಬಸ್ಸಿನಲ್ಲಿ ಊರು ತಲುಪುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡೆ.

“ಹೆಣ್ಣುಮಗು, ಬೆಂಗಳೂರು ದೂರ, ವಾರಕ್ಕೊಮ್ಮೆ ಬಂದು ಹೋಗುವುದಕ್ಕಾಗುತ್ತದೆ” ಎಂದು ನೆಂಟರಿಗೆಲ್ಲ ಹೇಳಿಕೊಂಡೆ. ಇದನ್ನು ಓದುತ್ತಿರುವ ನೆಂಟರಲ್ಲಿ ಹಲವರು ಆಗ ನನ್ನನ್ನು ಹೊಗಳಿದಿರಿ ಕೂಡ. ಒಬ್ಬಳೇ ಮಗಳನ್ನು ಅಷ್ಟು ದೂರ ಕಳಿಸಿ ಮನೆಯಲ್ಲಿ ಇರುವ ಧೈರ್ಯ ನನಗಿರಲಿಲ್ಲ ಎಂಬುದನ್ನು ಈಗ, ಈ ವಯಸ್ಸಿನಲ್ಲಿ, ಒಪ್ಪಿಕೊಳ್ಳುತ್ತಿದ್ದೇನೆ.

ಮೊದಲೆರಡು ವರ್ಷ ಯಾವ ಕೊರತೆಯೂ ತಿಳಿಯಲಿಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂಥ ಪಾಠಗಳು ಎಲ್ಲಿ ಓದಿದರೂ ಒಂದೇ. ರಜೆಯಲ್ಲಿ ಬಂದಾಗ ಮೇಣದ ತುಂಡುಗಳಲ್ಲಿ ಹಲ್ಲು ಕೆತ್ತುತ್ತಿದ್ದಳು. ದಂತ ವಿದ್ಯಾರ್ಥಿಗಳಿಗೆ ಅದು ಅಕ್ಷರಾಭ್ಯಾಸವಿದ್ದಂತೆ. ನಮ್ಮ ಊಟದ ಮೇಜಿನ ತುಂಬ ದವಡೆ ಹಲ್ಲುಗಳು. ಅಮ್ಮ, ಅಂದರೆ ಅವಳ ಅಜ್ಜಿ, “ನನಗೆ ಇಲ್ಲದ ಹಲ್ಲೆಲ್ಲ ಇಲ್ಲಿವೆ” ಎಂದು ನಗುತ್ತಿದ್ದರು.

ಮೂರನೆಯ ವರ್ಷದಿಂದ ರೋಗಿಗಳ ಬಾಯಿ. ಅಲ್ಲಿಂದ ‘ಕೋಟಾ’ ಎಂಬ ಮಾತು ಮನೆಯಲ್ಲಿ ಕೇಳತೊಡಗಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಜನರಿಗೆ ಹಲ್ಲಿನ ಸೆಟ್ಟು ಮಾಡಬೇಕು. ಅದು ಮುಗಿಯದೆ ಪರೀಕ್ಷೆಗೆ ಕೂರುವುದು ಕಷ್ಟ. ಒಂದು ದಿನ ಫೋನು ಮಾಡಿದವಳು, “ಅಪ್ಪಾ, ನಿಮ್ಮ ಆ ಹುಳುಕು ಹಲ್ಲು ಈಗ ಹೇಗಿದೆ? ನೋವಿದೆಯಾ?” ಎಂದು ಬಲು ಉತ್ಸಾಹದಿಂದ ಕೇಳಿದಳು. ಸ್ವಲ್ಪ ಇದೆ ಎಂದೆ. “ಯಾರಿಗೂ ತೋರಿಸಬೇಡಿ. ಇಲ್ಲಿಗೇ ಬನ್ನಿ!”

ಹೋದೆ. ಆ ನುಣುಪಾದ ನೆಲ ಹಾಗೆಯೇ ಇತ್ತು. ಕುರ್ಚಿಗಳ ಸಾಲೂ ಇತ್ತು. ಕುರ್ಚಿಗಳ ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಹುಡುಗ ಹುಡುಗಿಯರು ಬಾಗಿಲ ಕಡೆ ನೋಡುತ್ತ ನಿಂತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರು ಹುಡುಗರು ನಗುಮುಖದಿಂದ ಎದುರು ಬಂದರು. ಮಗಳು ಓಡಿ ಬಂದು “ಇವರು ನಮ್ಮ ತಂದೆ, ನನ್ನ ಪೇಷೆಂಟು” ಎಂದಾಗ ಅವರ ಮುಖ ಬಾಡಿದ್ದನ್ನು ಮರೆಯಲಾರೆ. ಮೊದಲ ಸಲ ಬಂದಾಗ ಆ ನಿಶ್ಶಬ್ದದ ಅರ್ಥ ನನಗೆ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಹೊಳೆಯಿತು. ಆಗ ಮಾತಾಡುವಂತಿರಲಿಲ್ಲ.

ಮುಂದೆ ನಮ್ಮ ಇಡೀ ಬಳಗದ ಬಾಯಿ ಅವಳ ಕೋಟಾಕ್ಕೆ ಸಂದಿತು. ನನ್ನ ಹೆಂಡತಿ, ಭಾವಮೈದ, ನಮ್ಮ ಶಾಲೆಯ ಜವಾನ, ಹಿಂದಿ ಪಂಡಿತರು. ಅಮ್ಮನಿಗೆ ಪೂರ್ತಿ ಸೆಟ್ಟು. ಅದೇನು ಒಂದು ದಿನದ ಕೆಲಸವೇ? ಮೊದಲ ಅಚ್ಚು, ಎರಡನೆಯ ಅಚ್ಚು, ಮೇಲು ಕೆಳಗಿನ ದವಡೆ ಕೂಡುವ ಅಳತೆ, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು, ಕೊನೆಗೆ ಸೆಟ್ಟು ಕೊಡುವುದು. ಎಪ್ಪತ್ತೆಂಟು ವರ್ಷದ ಅಮ್ಮ ಐದು ಸಲ ಬಸ್ಸು ಹತ್ತಿ ಇಳಿದರು. ಒಮ್ಮೆಯೂ ಗೊಣಗಲಿಲ್ಲ. ಆ ಸೆಟ್ಟನ್ನು ಮದುವೆ ಮುಂಜಿಗೆ ಮಾತ್ರ ಹಾಕಿಕೊಂಡು, ಉಳಿದ ದಿನ ದೇವರಮನೆಯ ಪಕ್ಕದ ಗೂಡಿನಲ್ಲಿ ನೀರು ತುಂಬಿದ ಲೋಟದಲ್ಲಿ ಇಡುತ್ತಿದ್ದರು.

ಆ ಕಾಲೇಜನ್ನು ಹಳಿಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ರೋಗಿಗಳು ಕಡಿಮೆಯಿದ್ದುದರಿಂದಲೇ ಅಲ್ಲಿನ ಅಧ್ಯಾಪಕರೊಬ್ಬರು ಒಂದೇ ಹಲ್ಲಿನ ಮೇಲೆ ಇಡೀ ಮಧ್ಯಾಹ್ನ ಅವಳೊಂದಿಗೆ ಕುಳಿತು ಕೈ ತಿದ್ದಿದರು. ಅವಳು ಆಗ ತುಂಬಿದ ನನ್ನ ಹಲ್ಲು ಇವತ್ತಿಗೂ ಗಟ್ಟಿಯಾಗಿದೆ. ಹುರಿಗಡಲೆ ತಿನ್ನುತ್ತೇನೆ.

ಆದರೆ ಕೀಳುವ ಕೈ ಬೇರೆ. ಅದು ನೂರಾರು ಬಾಯಿಗಳಲ್ಲಿ ಪಳಗಬೇಕು. ಓದು ಮುಗಿಸಿ, ಆಮೇಲೆ ಕೆಲವು ವರ್ಷಕ್ಕೆ ಸರ್ಕಾರಿ ಸೇವೆಗೆ ಸೇರಿ, ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಒಬ್ಬಳೇ ದಂತವೈದ್ಯೆಯಾಗಿ ನಿಂತಾಗ ಅದು ಗೊತ್ತಾಯಿತು. ಸೇರಿದ ಎರಡನೆಯ ವಾರ ಒಬ್ಬ ಅಜ್ಜಿಯ ಹಿಂದವಡೆ ಹಲ್ಲು ಕೀಳುವಾಗ ಬೇರು ಒಳಗೇ ಮುರಿಯಿತು. ಸಹಾಯಕ್ಕೆ ಹಿರಿಯರಿಲ್ಲ. ಒಂದು ಗಂಟೆಗೂ ಮೇಲೆ ಹೆಣಗಿದಳಂತೆ. ಅಜ್ಜಿ ಅಷ್ಟು ಹೊತ್ತೂ ಇವಳ ಕೋಟಿನ ಅಂಚು ಹಿಡಿದುಕೊಂಡಿದ್ದರಂತೆ. ಬೇರು ಬಂತು, ಅಜ್ಜಿಗೆ ಏನೂ ಆಗಲಿಲ್ಲ. ಆ ರಾತ್ರಿ ಫೋನಿನಲ್ಲಿ ಇಷ್ಟನ್ನು ಹೇಳಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, “ಅಪ್ಪಾ, ಬೆಂಗಳೂರಿಗೆ ಹೋದ ನನ್ನ ಗೆಳತಿ ಇಂಟರ್ನ್‌ಶಿಪ್ಪಿನಲ್ಲಿ ಒಂದು ಬೆಳಿಗ್ಗೆ ಕಿತ್ತಷ್ಟು ಹಲ್ಲು ನಾನು ಒಂದು ತಿಂಗಳಲ್ಲಿ ಕಿತ್ತಿರಲಿಲ್ಲ” ಎಂದಳು. ಆಪಾದನೆಯ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ. ಅವಳು ಆಪಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಇದನ್ನೆಲ್ಲ ಆ ಮಳೆಯ ಸಂಜೆ ಅಪ್ಪ ಮಗಳಿಬ್ಬರಿಗೂ ಹೇಳಿದೆ. ಹುಡುಗಿ ಫೋಟೋಗಳನ್ನು ಬಿಟ್ಟು ನನ್ನನ್ನು ನೋಡತೊಡಗಿದ್ದಳು.

“ಯಾವ ಕಾಲೇಜು ಎಂದು ನಾನು ಹೇಳುವುದಿಲ್ಲ ಮಗೂ. ಎರಡಕ್ಕೂ ಹೋಗಿ ನೋಡು. ಕಟ್ಟಡ ನೋಡಬೇಡ. ಬೆಳಿಗ್ಗೆ ಹತ್ತು ಗಂಟೆಗೆ ಹೊರರೋಗಿಗಳ ವಿಭಾಗದಲ್ಲಿ ನಿಂತು ಬೆಂಚಿನ ಮೇಲಿನ ತಲೆ ಎಣಿಸು. ಮೊದಲ ವರ್ಷದವರನ್ನು ಮಾತಾಡಿಸಬೇಡ, ಅವರಿಗಿನ್ನೂ ಏನೂ ಗೊತ್ತಿರುವುದಿಲ್ಲ. ಕೊನೆಯ ವರ್ಷದವರನ್ನು ಮಾತಾಡಿಸು, ಕೋಟಾ ಮುಗಿಯಿತೇ ಎಂದು ಕೇಳು. ಕಾಲೇಜಿಗೆ ಮಾನ್ಯತೆ ಇದೆಯೇ, ಬರಿಯ ಅನುಮತಿಯೇ ಎಂಬುದನ್ನೂ ವಿಚಾರಿಸು.” ಹೊಸ ಕಾಲೇಜು ತೆರೆಯಲು ಸಿಗುವುದು ಅನುಮತಿ, ಪದವಿಗೆ ಮಾನ್ಯತೆ ಸಿಗುವುದು ಮೊದಲ ತಂಡ ಅಂತಿಮ ಪರೀಕ್ಷೆಯವರೆಗೆ ಬಂದ ಮೇಲೆ. ಈ ಎರಡು ಪದಗಳ ವ್ಯತ್ಯಾಸವನ್ನು ಎಷ್ಟೋ ತಂದೆತಾಯಿಯರು ಕೇಳುವುದೇ ಇಲ್ಲ.

“ಬೆಂಗಳೂರು ದೂರವಾಯಿತಲ್ಲ ಮೇಷ್ಟ್ರೇ” ಎಂದ ನನ್ನ ಶಿಷ್ಯ.

“ನಿನಗೆ ದೂರವೋ ಅವಳಿಗೋ?” ಎಂದೆ. ಅವನು ನಕ್ಕ. ಬಾಯಿಯಲ್ಲಿದ್ದ ಎಲೆಯಡಿಕೆ ಕಂಡಿತು. ಅಡಿಕೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದೆ ಬರುವ ಯುವಕರ ಕತೆಗಳನ್ನು ನನ್ನ ಮಗಳು ಹೇಳುತ್ತಿರುತ್ತಾಳೆ. ಅಡಿಕೆ ಮಾರಿದ ಹಣದಲ್ಲಿ ಇನ್ನೊಬ್ಬ ದಂತವೈದ್ಯೆ ತಯಾರಾಗಲಿದ್ದಾಳೆ ಎಂದುಕೊಂಡೆ. ಮಲೆನಾಡಿನಲ್ಲಿ ಹುಟ್ಟಿದವನು ಇದಕ್ಕಿಂತ ಹೆಚ್ಚು ಏನು ಹೇಳಲಿ! ನಾನೂ ಊಟದ ಮೇಲೆ ಒಂದು ಹೋಳು ಹಾಕುತ್ತಿದ್ದವನೇ, ಮಗಳು ಬಿಡಿಸುವವರೆಗೆ.

ಹತ್ತು ದಿನ ಬಿಟ್ಟು ಮತ್ತೆ ಬಂದರು. ಆಯ್ಕೆಗಳನ್ನು ಅಂತಿಮಗೊಳಿಸುವ ದಿನ. ಅವರ ಮನೆಯಲ್ಲಿ ಮಳೆಗೆ ಇಂಟರ್ನೆಟ್ ಹೋಗಿತ್ತು. ಹುಡುಗಿ ಒಂದು ನೋಟುಪುಸ್ತಕ ತೆರೆದಳು. ಬೆಂಗಳೂರಿಗೆ ಒಂದು ಸಲ, ಹತ್ತಿರದ ಕಾಲೇಜಿಗೆ ಎರಡು ಸಲ ಹೋಗಿ ಬಂದಿದ್ದಳು.

“ಸಾರ್, ಮೊದಲ ಸಲ ಹೋದಾಗ ಇಲ್ಲಿ ಬೆಂಚು ತುಂಬಿತ್ತು. ಅನುಮಾನ ಬಂತು. ಕೇಳಿದರೆ ಅರ್ಧ ಜನ ಕಾಲೇಜಿನ ಬಸ್ಸಿನಲ್ಲಿ ಹಳ್ಳಿಯಿಂದ ಬಂದವರು. ಅದಕ್ಕೇ ಬಸ್ಸಿಲ್ಲದ ದಿನ ಇನ್ನೊಂದು ಸಲ ಹೋದೆ. ಅವತ್ತೂ ಜನ ಇದ್ದರು. ಬೆಂಗಳೂರಿನಷ್ಟಿಲ್ಲ. ಆದರೆ ಇದ್ದರು.”

ಬಸ್ಸಿಲ್ಲದ ದಿನ ಹೋಗಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಅವಳ ಅಪ್ಪನಿಗೆ ನಾನು ಅಷ್ಟು ಚೆನ್ನಾಗಿ ವಿಜ್ಞಾನ ಕಲಿಸಿರಲಿಲ್ಲ ಎಂಬುದೂ ನಿಜ.

ಪರದೆಯ ಮೇಲೆ ಪಟ್ಟಿ ತೆರೆಯಿತು. ನನ್ನ ಶಿಷ್ಯ ಮೌಸಿನ ಕಡೆ ಕೈ ಚಾಚಿದ. “ನೀನು ಕೈ ತೆಗೆಯಪ್ಪಾ” ಎಂದೆ. ತೆಗೆದ. ಹುಡುಗಿ ಕುರ್ಚಿ ಎಳೆದುಕೊಂಡು ಕುಳಿತಳು. ಬೆಂಗಳೂರನ್ನೇ ಮೊದಲು ಹಾಕುತ್ತಾಳೆ ಎಂದು ನನಗೆ ಸಂಶಯವೇ ಇರಲಿಲ್ಲ. ಅವಳು ಹತ್ತಿರದ ಕಾಲೇಜನ್ನು ಮೊದಲು ಹಾಕಿದಳು.

ನನಗೆ ತಡೆಯಲಾಗಲಿಲ್ಲ. “ಅಲ್ಲ ಮಗೂ, ಬೆಂಗಳೂರಿನಲ್ಲಿ...” ಎಂದು ಬಾಯಿ ತೆರೆದೆ. ಆ ದಿನ ರಜೆಯೆಂದು ಮನೆಗೆ ಬಂದಿದ್ದ ನನ್ನ ಮಗಳು ಅಡುಗೆಮನೆಯ ಬಾಗಿಲಿಂದಲೇ, “ಅಪ್ಪಾ, ಸುಮ್ಮನಿರಿ” ಎಂದಳು.

ಸುಮ್ಮನಾದೆ.

“ಭಾನುವಾರ ತೋಟಕ್ಕೆ ಬರಬೇಕು ಸಾರ್. ಅಮ್ಮನಿಗೆ ಒಬ್ಬಳಿಗೇ ಆಗುವುದಿಲ್ಲ. ಕೀಳುವುದು ಕಲಿಯುವುದಕ್ಕೆ ಇಂಟರ್ನ್‌ಶಿಪ್ಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ನಿಲ್ಲುತ್ತೇನೆ. ಅಕ್ಕ ಬರಬಹುದು ಎಂದಿದ್ದಾರೆ” ಎಂದಳು. ಇವರಿಬ್ಬರೂ ನನಗೆ ತಿಳಿಯದೆ ಫೋನಿನಲ್ಲಿ ಮಾತಾಡಿಕೊಂಡಿದ್ದರೆಂದು ಆಗ ಗೊತ್ತಾಯಿತು.

ಹೊರಡುವಾಗ ಮಗಳು ಒಳಗೆ ಹೋಗಿ ಹಳೆಯ ಜಾಮಿಟ್ರಿ ಡಬ್ಬವೊಂದನ್ನು ತಂದಳು. ಅದರಲ್ಲಿ ಮೇಣ ಕೆತ್ತುವ ಅವಳ ಚಾಕು, ಮತ್ತು ಅರ್ಧ ಕೆತ್ತಿ ಬಿಟ್ಟ ಒಂದು ಹಿಂದವಡೆ ಹಲ್ಲು. “ಇದನ್ನು ನೀನು ಮುಗಿಸು” ಎಂದು ಆ ಹುಡುಗಿಯ ಕೈಯಲ್ಲಿಟ್ಟಳು. ಮಳೆ ಸ್ವಲ್ಪ ಬಿಟ್ಟಿತ್ತು. ನನ್ನ ಶಿಷ್ಯ ಕೊಡೆ ಮರೆತು ಹೋದ. ಅದು ಇನ್ನೂ ನಮ್ಮ ಜಗಲಿಯಲ್ಲೇ ಇದೆ.