ಮೊಮ್ಮಗನ ಮೂರನೆಯ ಭಾಷೆ

ಚಿಕ್ಕ ಮಕ್ಕಳಿಗೆ ಮನೆಯಲ್ಲಿಯೇ ಮತ್ತೊಂದು ಭಾಷೆಯನ್ನು ಕಲಿಸಬೇಕೆಂದು ಬಯಸುವ ತಂದೆತಾಯಂದಿರು ಇಂದು ನಮ್ಮ ಬಂಧುವರ್ಗದಲ್ಲಿ ಅನೇಕರಿದ್ದಾರೆ. ಅವರಿಗೆ ಉಪಯೋಗವಾದೀತೆಂದು ನಮ್ಮ ಅನುಭವವೊಂದನ್ನು, ಅದರೊಳಗಿನ ನಮ್ಮ ತಪ್ಪನ್ನೂ ಮರೆಮಾಚದೆ, ಇಲ್ಲಿ ನಿವೇದಿಸುತ್ತೇವೆ.

ನಮ್ಮ ಮಗಳು ಅಳಿಯಂದಿರು ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ನೆಲೆಸಿದ್ದಾರೆ. 1836ರವರೆಗೆ ಟೆಕ್ಸಾಸ್ ಮೆಕ್ಸಿಕೊ ದೇಶದ ಭಾಗವಾಗಿತ್ತು. ಆದುದರಿಂದ ಸ್ಪ್ಯಾನಿಷ್ ಆ ಊರಿಗೆ ಪರಕೀಯವಲ್ಲ. ಅದು ಅಲ್ಲಿನ ಅಂಗಡಿ, ಬೀದಿ, ನೆರೆಮನೆಗಳ ಮಾತು. ನಾವು ಅಲ್ಲಿಗೆ ಹೋದಾಗ ಮಗಳು ನಾಲ್ಕು ವರ್ಷದ ಮೊಮ್ಮಗನಿಗಾಗಿ ಸ್ಪ್ಯಾನಿಷ್ ಪುಸ್ತಕ, ಚಿತ್ರಪಟಗಳನ್ನು ಆರಿಸುತ್ತ ಕುಳಿತಿದ್ದಳು. ನಮಗೆ ಅಸಮಾಧಾನವಾಯಿತು. "ಕನ್ನಡವೇ ನೆಟ್ಟಗೆ ಬಾರದ ಕೂಸಿಗೆ ಸ್ಪ್ಯಾನಿಷ್ ಏಕವ್ವಾ?" ಎಂದು ಕೇಳಿಯೇಬಿಟ್ಟೆವು.

"ಅಪ್ಪಾಜಿ, ಹಗಲೆಲ್ಲ ಇವನನ್ನು ನೋಡಿಕೊಳ್ಳುವ ಅಜ್ಜಿ ಮೆಕ್ಸಿಕೊದವರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ತನಗೆ ಉಣಿಸುವವರ ಮಾತು ಇವನಿಗೆ ತಿಳಿಯಬೇಡವೇ?" ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕುಳಿತು ಆರಿಸುವ ಕೆಲಸದಲ್ಲಿ ನೆರವಾದೆವು.

ಮೊದಲು ಕೊಂಡದ್ದು ಮೊಬೈಲ್ ಫೋನಿನಲ್ಲಿ ಪದ ಕಲಿಸುವ ಒಂದು ಆ್ಯಪ್. ಹುಡುಗ ಅದರ ಮುಂದೆ ಬಣ್ಣಗಳ ಹೆಸರುಗಳನ್ನೆಲ್ಲ ಒಪ್ಪಿಸುತ್ತಿದ್ದನು. ಆದರೆ ಆ ಅಜ್ಜಿ ಕೆಂಪು ಚೆಂಡನ್ನು ತಾರೆಂದಾಗ ಮಿಕಿಮಿಕಿ ನೋಡುತ್ತ ನಿಂತನು. 2003ರಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಸಂಶೋಧನೆ ಇಲ್ಲಿ ಸ್ಮರಣೀಯ. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಡನೆ ಚೀನೀ ಭಾಷಿಕರು 12 ಸಲ ಕುಳಿತು ಆಡಿ ಓದಿದಾಗ, ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ದೂರದರ್ಶನದ ಪರದೆಯಲ್ಲಿ ತೋರಿಸಿದ ಶಿಶುಗಳು ಕಲಿಯಲಿಲ್ಲ. ಗುರುಮುಖದಿಂದಲೇ ಪಾಠವಾಗಬೇಕೆಂದು ಮಠದ ಪಾಠಶಾಲೆಯಲ್ಲಿ ನಮಗೆ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ಅಂದಿನಿಂದ ನಮ್ಮ ಪರೀಕ್ಷೆ ಒಂದೇ: ಈ ಸಾಮಗ್ರಿ ಮಗುವನ್ನು ಇನ್ನೊಬ್ಬರೊಡನೆ ಮಾತಿಗೆ ಎಳೆಯುತ್ತದೆಯೇ?

ಎರಡನೆಯದಾಗಿ, ಯಾವ ನಾಡಿನ ಸ್ಪ್ಯಾನಿಷ್ ಎಂಬುದನ್ನು ನೋಡಬೇಕು. ಸ್ಪೇನಿನಲ್ಲಿ ಆಲೂಗಡ್ಡೆಗೆ 'ಪತಾತ' ಎಂದರೆ ಮೆಕ್ಸಿಕೊದಲ್ಲಿ 'ಪಾಪಾ'. ಹಣ್ಣಿನ ರಸಕ್ಕೂ ಎರಡು ಕಡೆ ಎರಡು ಹೆಸರು. ಧಾರವಾಡದ ಕೂಸಿಗೆ ಮಂಗಳೂರಿನ ಮಾತನ್ನು ಕಲಿಸಿದರೆ ತಪ್ಪಲ್ಲ. ಆದರೆ ನೆರೆಮನೆಯ ಅಜ್ಜಿಯೊಡನೆ ಕೂಡಲೇ ಹೊಂದಿಕೆಯಾಗದು. 'ಉಸ್ತೆದ್' ಎಂಬ ಗೌರವವಾಚಕವೂ ಪಾಠದಲ್ಲಿರಬೇಕು. 'ತೂ' ಎಂದರೆ ನೀನು. 'ಉಸ್ತೆದ್' ಎಂದರೆ ತಾವು. ಹಿರಿಯರನ್ನು ಏಕವಚನದಲ್ಲಿ ಕರೆಯಲು ಹಿಂಜರಿಯುವ ನಮ್ಮ ಮನೆಗಳಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಮೂರನೆಯದು, ಕನ್ನಡದ ಸಹಾಯ. ಸ್ಪ್ಯಾನಿಷಿನ ಸ್ವರಗಳು ಐದೇ: ಅ, ಎ, ಇ, ಒ, ಉ. ಅದರ ತ, ದಗಳು ನಮ್ಮವುಗಳಂತೆ ಹಲ್ಲಿಗೆ ತಾಗುವಂಥವು. ಆದುದರಿಂದ ಪುಸ್ತಕದ ಅಂಚಿನಲ್ಲಿ ಕನ್ನಡ ಲಿಪಿಯಲ್ಲಿಯೇ ಉಚ್ಚಾರಣೆಯನ್ನು ಬರೆದಿಡಬೇಕೆಂದು ಮಗಳಿಗೆ ಸೂಚಿಸಿದೆವು. 'ಪೆರೊ' ಎಂದರೆ 'ಆದರೆ'. ರಕಾರವನ್ನು ಗಡುಸಾಗಿ ಉರುಳಿಸಿದರೆ 'ನಾಯಿ'. ಆ ಗಡುಸು ರಕಾರಕ್ಕೆ ಹಳಗನ್ನಡದ ಱಕಾರವನ್ನು ಬಳಸಿ 'ಪೆಱೊ' ಎಂದು ಬರೆದೆವು. ಬಳಕೆ ತಪ್ಪಿದ ನಮ್ಮ ಅಕ್ಷರವೊಂದು ಟೆಕ್ಸಾಸಿನಲ್ಲಿ ಕೂಸಿನ ಪಾಠಕ್ಕೆ ಒದಗಿದ್ದು ಕಂಡು ಸಂತೋಷವಾಯಿತು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು 'ಲೊತೆರಿಯಾ' ಎಂಬ ಮೆಕ್ಸಿಕನ್ ಚಿತ್ರದ ಆಟ. ಅದರಲ್ಲಿ 54 ಚೀಟಿಗಳು. ಆಡುವವರ ಹಲಗೆಯಲ್ಲಿ 16 ಚಿತ್ರಗಳು. ಒಬ್ಬರು ಚೀಟಿಯ ಹೆಸರನ್ನು ಕೂಗಬೇಕು. ಉಳಿದವರು ತಮ್ಮ ಹಲಗೆಯಲ್ಲಿ ಆ ಚಿತ್ರವಿದ್ದರೆ ಅದರ ಮೇಲೆ ಕಾಳಿಡಬೇಕು. 'ಎಲ್ ಸೋಲ್' ಎಂದರೆ ಸೂರ್ಯ, 'ಲಾ ಲೂನಾ' ಎಂದರೆ ಚಂದ್ರ. ಪದದೊಡನೆ ಅದರ ಲಿಂಗವನ್ನು ಸೂಚಿಸುವ 'ಎಲ್', 'ಲಾ'ಗಳೂ ಅಚ್ಚಾಗಿರುವುದರಿಂದ ವ್ಯಾಕರಣವು ಬಾಯಿಪಾಠವಿಲ್ಲದೆಯೇ ನೆಲೆಗೊಳ್ಳುತ್ತದೆ. ಕುಡುಕ, ಸಾವು ಮುಂತಾದ ಚಿತ್ರಗಳೂ ಅದರಲ್ಲಿವೆ, ಬೇಡವಾದರೆ ತೆಗೆದಿರಿಸಬಹುದು. ತೀರ ಚಿಕ್ಕ ಮಕ್ಕಳ ಕೈಗೆ ಕಾಳು ಕೊಡದೆ ದೊಡ್ಡ ಗುಂಡಿಯನ್ನೋ ಕಾಗದದ ಬಿಲ್ಲೆಯನ್ನೋ ಕೊಡುವುದು ಕ್ಷೇಮ. ಪುಸ್ತಕಗಳನ್ನು ಮಾತ್ರ ಕೊಳ್ಳುವ ಅವಸರ ಬೇಡ. ಆ ಊರಿನ ಕೇಂದ್ರ ಗ್ರಂಥಾಲಯವು ಮೆಕ್ಸಿಕೊದ ವಾಸ್ತುಶಿಲ್ಪಿ ರಿಕಾರ್ಡೊ ಲೆಗೊರೆತಾ ರೂಪಿಸಿ 1995ರಲ್ಲಿ ತೆರೆದ ಕೆಂಪು ಕಟ್ಟಡ. ಅಲ್ಲಿಂದ ಎರವಲು ತಂದು, ಹುಡುಗ ಮತ್ತೆ ಮತ್ತೆ ಓದಿಸಿಕೊಂಡವನ್ನು ಮಾತ್ರ ಕೊಂಡೆವು.

ಲೊತೆರಿಯಾದ ಪೆಟ್ಟಿಗೆಯನ್ನು ಇಡಲೆಂದು ಒಂದು ದಿನ ಕಪಾಟನ್ನು ತೆರೆದಾಗ, ಒಳಗೆ ನಮ್ಮ ಹಸ್ತಾಕ್ಷರವಿದ್ದ ಪಾರ್ಸೆಲ್ ಕಣ್ಣಿಗೆ ಬಿತ್ತು. ಎರಡು ವರ್ಷಗಳ ಹಿಂದೆ ನಾವು ಕಳುಹಿಸಿದ್ದ ಕನ್ನಡ ವರ್ಣಮಾಲೆಯ ಪಟ, ಕಾಗುಣಿತದ ಪುಸ್ತಕ, ಪದ್ಯಗಳ ಸಿ.ಡಿ.ಗಳು. ಪಟದ ಸುರುಳಿಗೆ ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಮಗಳು ತಲೆ ತಗ್ಗಿಸಿದಳು. ಆದರೆ ತಪ್ಪು ಅವಳದಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅವಳೊಡನೆ ಮಾತನಾಡಿ ಮುಗಿಸಿ, "ಕೂಸು ಕನ್ನಡ ಕಲಿಯಿತೇ?" ಎಂದು ಕೇಳುತ್ತಿದ್ದೆವೇ ಹೊರತು, ಕೂಸಿನೊಡನೆ ಕನ್ನಡದಲ್ಲಿ ಐದು ನಿಮಿಷ ಆಡಿದವರಲ್ಲ. ಸಾಮಗ್ರಿಯನ್ನು ಕಳುಹಿಸಿದ್ದೆವು, ನಮ್ಮನ್ನು ನಾವು ಕೊಟ್ಟಿರಲಿಲ್ಲ. ಆ ಮೆಕ್ಸಿಕೊದ ತಾಯಿಯಾದರೋ ಯಾವ ಪಟವೂ ಇಲ್ಲದೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೋಳಿಮರಿಗಳ ಹಾಡನ್ನು ಹಾಡಿ ತನ್ನ ಭಾಷೆಯನ್ನು ಕೊಟ್ಟಿದ್ದಳು.

ಊರಿಗೆ ಮರಳುವಾಗ ಲೊತೆರಿಯಾದ ಇನ್ನೊಂದು ಪ್ರತಿಯನ್ನು ತಂದಿದ್ದೇವೆ. ಈಗ ಭಾನುವಾರ ಫೋನಿನ ಪರದೆಯ ಆಚೆ ಮೊಮ್ಮಗ, ಈಚೆ ನಾವು. ಪರದೆಯೇ ಆದರೂ ಅದರಾಚೆ ಮಾತಿಗೆ ಮಾತು ಕೊಡುವ ಒಬ್ಬ ಮನುಷ್ಯನಿದ್ದಾನೆ. ಅವನು ಸ್ಪ್ಯಾನಿಷಿನಲ್ಲಿ ಕೂಗುತ್ತಾನೆ, ನಾವು ಕನ್ನಡದಲ್ಲಿ ಹೇಳಿ ಕಾಳಿಡುತ್ತೇವೆ. ಮುಂದಿನ ಆಟಕ್ಕೆ ಸರದಿ ಬದಲು. ಹೋದ ವಾರ ನಾವು "ಹುಂಜ" ಎಂದು ಕೂಗಿದಾಗ ಅವನು, "ಅಜ್ಜಾ, ಮೆಲ್ಲಗ ಹೇಳು, ಹುಡುಕಾಕತ್ತೀನಿ" ಎಂದನು. ಅವನ ಬಾಯಿಂದ ನಾವು ಕೇಳಿದ ಮೊದಲ ಪೂರ್ಣ ಕನ್ನಡ ವಾಕ್ಯ ಅದು.

ದೂರದಲ್ಲಿ ಮೊಮ್ಮಕ್ಕಳನ್ನು ಉಳ್ಳ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಪುಸ್ತಕವನ್ನು ಅವಶ್ಯವಾಗಿ ಕಳುಹಿಸಿರಿ, ಅದನ್ನು ಬಿಚ್ಚುವ ಹೊತ್ತಿಗೆ ನೀವೂ ಎದುರಿಗೆ ಕುಳಿತಿರಿ.