ಹುಲ್ಲುಬಂಡಿ

ಹುಲ್ಲು ಬೆಳೆಯುವುದು ದನಕ್ಕಾಗಿ ಎಂಬುದು ಕನ್ನಡನಾಡಿನ ಹಳ್ಳಿಯವರ ತಿಳಿವಳಿಕೆ. ದನ ಮೇಯದ ಹುಲ್ಲಿಗೆ ಕಳೆ ಎಂದು ಹೆಸರು, ಅದು ಕಿತ್ತೆಸೆಯತಕ್ಕದ್ದು. ಇಂತಹ ನಂಬಿಕೆಯಲ್ಲಿ ಅರವತ್ತೈದು ವರ್ಷ ಬಾಳಿದ, ಹಾಸನದ ಕಡೆಯ ಆ ನಿವೃತ್ತ ಉಪಾಧ್ಯಾಯರು ಅಮೆರಿಕದ ಒಹಾಯೋ ರಾಜ್ಯದಲ್ಲಿದ್ದ ಮಗನ ಮನೆಗೆ ಏಪ್ರಿಲ್ ತಿಂಗಳ ಕೊನೆಯಲ್ಲಿ ಪತ್ನೀಸಮೇತರಾಗಿ ಹೋಗಿ ಇಳಿದಾಗ, ಮೊದಲ ವಾರದಲ್ಲಿಯೇ ಬೇರೊಂದು ಲೋಕನೀತಿಯ ದರ್ಶನವಾಯಿತು. ಅಲ್ಲಿ ಜನರು ಹುಲ್ಲಿನ ಬೀಜವನ್ನು ಹಣ ಕೊಟ್ಟು ತಂದು ಬಿತ್ತುತ್ತಾರೆ, ಗೊಬ್ಬರ ಹಾಕುತ್ತಾರೆ, ಮಳೆ ತಪ್ಪಿದರೆ ನೀರುಣಿಸುತ್ತಾರೆ. ಅದು ಹುಲುಸಾಗಿ ಬೆಳೆಯಿತೋ, ಬೆಳೆದ ತಪ್ಪಿಗಾಗಿ ಕತ್ತರಿಸುತ್ತಾರೆ. ಕತ್ತರಿಸಿದ್ದು ಯಾವ ಹಸುವಿನ ಬಾಯಿಗೂ ಹೋಗುವುದಿಲ್ಲ. ಮುಂದಿನ ಶನಿವಾರ ಮತ್ತೆ ಅದೇ ಕೆಲಸ.

"ಒಂದು ಹಸು ಕಟ್ಟಬಾರದೇನೋ?" ಎಂದರು ತಂದೆ.

ಮಗ ನಕ್ಕನು. ಬಡಾವಣೆಯ ನಿಯಮಗಳಲ್ಲಿ ಹಸುವಿಗೆ ಅವಕಾಶವಿರಲಿಲ್ಲ. ಹುಲ್ಲು ಮೊಣಕಾಲಿಗೆ ಬಂದರೆ ಮಾತ್ರ ಎಚ್ಚರಿಕೆಯ ಪತ್ರ ಮನೆಬಾಗಿಲಿಗೆ ಬರುವುದು ಖಂಡಿತವಾಗಿತ್ತು.

ಮನೆಯ ಮುಂದಿನದೂ ಹಿಂದಿನದೂ ಸೇರಿ ಹಸುರು ಅರ್ಧ ಎಕರೆ. ತಂದೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು: 20 ಗುಂಟೆ! ಇಷ್ಟು ಗದ್ದೆ ಊರಿನಲ್ಲಿದ್ದರೆ ಸಣ್ಣ ಸಂಸಾರವೊಂದರ ಅನ್ನದ ಚಿಂತೆ ನೀಗುತ್ತಿತ್ತು. ಇಷ್ಟಗಲದ ಹುಲ್ಲನ್ನು ನಿಂತು ತಳ್ಳುವ ಯಂತ್ರದಿಂದ ಕತ್ತರಿಸುವುದು ಕಷ್ಟವೆಂದು ಮಗನು ಕುಳಿತು ನಡೆಸುವ ಯಂತ್ರವನ್ನೇ ಕೊಂಡಿದ್ದನು. ನಾಲ್ಕು ಚಕ್ರ, ಮೆತ್ತನೆಯ ಆಸನ, ಕಾರಿನಂತೆ ತಿರುಗಿಸುವ ಸ್ಟೀರಿಂಗ್ ಚಕ್ರ. ತೂಕ ಎರಡು ಕ್ವಿಂಟಾಲಿನ ಸಮೀಪ. ವೇಗ ಮಾತ್ರ ಮನುಷ್ಯನ ಚುರುಕು ನಡಿಗೆಯಷ್ಟು. ಅಲ್ಲಿಯವರು ಅದನ್ನು ರೈಡಿಂಗ್ ಮೂವರ್ ಎನ್ನುತ್ತಾರೆ. ತಂದೆ ಅದಕ್ಕೆ 'ಹುಲ್ಲುಬಂಡಿ' ಎಂದು ನಾಮಕರಣ ಮಾಡಿದರು. ಐದು ವರ್ಷದ ಮೊಮ್ಮಗನಿಗೆ ಈ ಹೆಸರು ಬಹಳ ಹಿಡಿಸಿತು.

ಉಪಾಧ್ಯಾಯರ ಸ್ವಭಾವ ನಿವೃತ್ತಿಯಿಂದ ಹೋಗುವಂಥದಲ್ಲ. ಊರಿನ ಗ್ರಂಥಾಲಯದಲ್ಲಿ ಕುಳಿತು ಅವರು ಹುಲ್ಲುಬಂಡಿಯ ವಂಶಾವಳಿಯನ್ನು ಹುಡುಕಿದರು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಬಳಿ ಉಣ್ಣೆಬಟ್ಟೆಯ ಗಿರಣಿಗಳಿದ್ದವು. ಬಟ್ಟೆಯ ಮೇಲೆ ಎದ್ದ ಜುಂಗನ್ನು ಕತ್ತರಿಸಿ ನಯಮಾಡುವ ಯಂತ್ರವನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬಾತನಿಗೆ, ನೆಲದ ಮೇಲಿನ ಜುಂಗನ್ನೂ ಹೀಗೆಯೇ ಕತ್ತರಿಸಬಾರದೇಕೆ ಎಂಬ ಆಲೋಚನೆ ಹೊಳೆಯಿತು. 1830ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. ಅಲ್ಲಿಯವರೆಗೆ ಹುಲ್ಲನ್ನು ಕತ್ತರಿಸುತ್ತಿದ್ದುದು ಉದ್ದ ಹಿಡಿಯ ಕುಡುಗೋಲು. ಮುಂದೆ ದೊಡ್ಡ ತೋಟಗಳಲ್ಲಿ ಯಂತ್ರವನ್ನು ಕುದುರೆಗಳು ಎಳೆದವು. ಗೊರಸಿನ ಗುರುತು ಹಸುರಿನ ಮೇಲೆ ಮೂಡಬಾರದೆಂದು ಅವುಗಳ ಕಾಲಿಗೆ ತೊಗಲಿನ ಬೂಟು ತೊಡಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆಟ್ರೋಲ್ ಎಂಜಿನ್ ಬಂದಿತು. ಕುದುರೆಗೂ ಬೂಟಿಗೂ ಬಿಡುಗಡೆಯಾಯಿತು.

ಈ ಯಂತ್ರವನ್ನು ವಾಹನವೆಂದು ಭ್ರಮಿಸುವುದು ಬಹಳ ಸುಲಭ. ಪಕ್ಕದ ಮನೆಯ ವೃದ್ಧರು ಅದಕ್ಕೊಂದು ನಿದರ್ಶನವನ್ನೇ ಹೇಳಿದರು. ಅಯೋವಾ ರಾಜ್ಯದ ಆಲ್ವಿನ್ ಸ್ಟ್ರೇಟ್ ಎಂಬ 73 ವರ್ಷದ ಮುದುಕನಿಗೆ ದೃಷ್ಟಿ ಮಂದವಾಗಿ ಕಾರು ನಡೆಸುವ ಪರವಾನಗಿ ಇರಲಿಲ್ಲ. ದೂರದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಣ್ಣ ಕಾಯಿಲೆ ಬಿದ್ದಿರುವನೆಂದು ತಿಳಿದಾಗ ಆತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಒಂದು ಗಾಡಿ ಕಟ್ಟಿಕೊಂಡು ಹೊರಟನು. 1994ರ ಬೇಸಗೆಯಲ್ಲಿ ಸುಮಾರು 240 ಮೈಲಿಗಳನ್ನು ಆರು ವಾರಗಳಲ್ಲಿ ದಾಟಿ ಅಣ್ಣನ ಮುಖ ನೋಡಿದನು. 1999ರಲ್ಲಿ ಅದು ಚಲನಚಿತ್ರವೂ ಆಯಿತು. ಕೇಳಿದ ತಂದೆಗೆ ಕಣ್ಣು ತೇವವಾಯಿತು. ಹುಲ್ಲುಬಂಡಿಯ ಮೇಲೆ ಕುಳಿತು ನೋಡುವ ಆಸೆಯೂ ಹುಟ್ಟಿತು.

ಮಗನು ಒಪ್ಪಿದನು. ಆದರೆ ಪಾಠ ಆರಂಭವಾದುದು ಯಂತ್ರದ ಮೇಲಲ್ಲ, ಕಾಲುನಡಿಗೆಯಲ್ಲಿ.

"ಮೊದಲು ಇಡೀ ಹುಲ್ಲಿನ ಮೇಲೆ ಒಂದು ಸುತ್ತು ನಡೆದು ಬರೋಣ, ಅಪ್ಪ."

ನಡೆದಾಗ ಸಿಕ್ಕಿದ್ದು: ಮೊಮ್ಮಗನ ಎರಡು ಆಟಿಕೆಗಳು, ಗಾಳಿಗೆ ಮುರಿದು ಬಿದ್ದ ಕೊಂಬೆ, ಒಂದು ತುಂಡು ತಂತಿ, ಮುಷ್ಟಿಗಾತ್ರದ ಕಲ್ಲು. ಮಗನು ಯಂತ್ರದ ಅಡಿಭಾಗದ ರಚನೆಯನ್ನು ವಿವರಿಸಿದನು. ಮಗುಚಿ ಹಾಕಿದ ಕಡಾಯಿಯಂಥ ಉಕ್ಕಿನ ಕವಚ. ಅದರೊಳಗೆ ಫ್ಯಾನಿನ ರೆಕ್ಕೆಗಳಂತೆ ತಿರುಗುವ ಅಲಗುಗಳು. ಅಲಗಿನ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಅದಕ್ಕೆ ತಾಗಿದ ಕಲ್ಲು ಕವಣೆಯ ಕಲ್ಲಾಗುತ್ತದೆ. ಹುಲ್ಲು ಹೊರಬೀಳುವ ಪಕ್ಕದ ಬಾಯಿಯನ್ನು ಜನರಿರುವ ಕಡೆಗಾಗಲಿ, ಕಿಟಕಿಯ ಕಡೆಗಾಗಲಿ ತಿರುಗಿಸಕೂಡದು. ಅದರ ಮೇಲಿನ ಮುಚ್ಚಳವನ್ನು ಕಳಚಕೂಡದು. ಚಪ್ಪಲಿಯಲ್ಲಿ ನಡೆಸುವಂತಿಲ್ಲ, ಗಟ್ಟಿ ಬೂಟು ಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಸದ್ದು ತಡೆಯುವ ಮುಚ್ಚಳಿಕೆ. ತಂದೆ ಅವೆಲ್ಲವನ್ನೂ ಧರಿಸಿ ನಿಂತಾಗ ತಾಯಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಕ್ಕರು.

ಆಸನದ ಅಡಿಯಲ್ಲಿ ಒಂದು ಸ್ವಿಚ್ಚಿತ್ತು. ಅಲಗು ತಿರುಗುತ್ತಿರುವಾಗ ಕುಳಿತವನು ಎದ್ದರೆ ಎಂಜಿನ್ ನಿಂತುಬಿಡುತ್ತದೆ. ಈ ಉಪದ್ರವವೇಕೆಂದು ಆ ಸ್ವಿಚ್ಚನ್ನು ತಂತಿ ಸುತ್ತಿ ಕಟ್ಟಿಹಾಕುವ ಜಾಣರೂ ಇದ್ದಾರೆ. "ಕಾವಲುಗಾರನ ಕಣ್ಣು ಕಟ್ಟಿ ಮನೆ ಕಾಯಿಸಿದಂತೆ" ಎಂದರು ತಂದೆ.

ಹಿತ್ತಲಿನಲ್ಲಿ ನೆಲ ಸ್ವಲ್ಪ ಇಳಿಜಾರು. ತಳ್ಳುವ ಯಂತ್ರವನ್ನು ಇಳಿಜಾರಿನಲ್ಲಿ ಅಡ್ಡಡ್ಡಲಾಗಿ ನಡೆಸಬೇಕು, ಕಾಲು ಜಾರಿದರೆ ಅದು ಮೈಮೇಲೆ ಬರಬಾರದು. ಕುಳಿತು ನಡೆಸುವ ಯಂತ್ರಕ್ಕೆ ನಿಯಮ ತಲೆಕೆಳಗು: ಮೇಲಕ್ಕೂ ಕೆಳಕ್ಕೂ ನೇರವಾಗಿಯೇ ಹೋಗಬೇಕು. ಅಡ್ಡಲಾಗಿ ಹೋದರೆ ಪಕ್ಕಕ್ಕೆ ಮಗುಚೀತು. ಎರಡು ಕ್ವಿಂಟಾಲ್ ಕಬ್ಬಿಣದ ಅಡಿಯಲ್ಲಿ ಸಿಕ್ಕವನ ಪಾಡು ಹೇಳುವಂತಿಲ್ಲ. ಇಳಿಜಾರು 15 ಡಿಗ್ರಿ ಮೀರಿದರೆ ಯಂತ್ರ ಒಯ್ಯುವುದೇ ಬೇಡ. ಹುಲ್ಲು ಒದ್ದೆಯಿದ್ದರೂ ಬೇಡ. ಚಕ್ರ ಜಾರುತ್ತದೆ, ಕವಚದೊಳಗೆ ಹುಲ್ಲು ಮುದ್ದೆಗಟ್ಟುತ್ತದೆ. ಮುದ್ದೆಗಟ್ಟಿತೆಂದು ಕೈ ಹಾಕಿದವರು ಬೆರಳು ಕಳೆದುಕೊಂಡಿದ್ದಾರೆ. ಇಳಿಯುವಾಗಲೆಲ್ಲ ಕ್ರಮ ಒಂದೇ: ಅಲಗಿನ ಗತಿ ತಪ್ಪಿಸಬೇಕು, ಬ್ರೇಕ್ ಹಾಕಬೇಕು, ಎಂಜಿನ್ ನಿಲ್ಲಿಸಬೇಕು, ಬೀಗದಕೈ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಆಮೇಲೆಯೇ ಕಾಲು ನೆಲಕ್ಕೆ.

ಜೂನ್ ತಿಂಗಳ ಹೊತ್ತಿಗೆ ಶನಿವಾರದ ಕೆಲಸ ತಂದೆಯ ಪಾಲಿಗೆ ಬಂದಿತ್ತು. ನೇಗಿಲ ಸಾಲಿನಂತೆ ನೇರವಾದ ಪಟ್ಟೆಗಳನ್ನು ಎಳೆದು ಅವರು ನೆರೆಯವರ ಮೆಚ್ಚುಗೆಯನ್ನೂ ಪಡೆದರು.

ಒಂದು ಶನಿವಾರ, ಕೆಲಸ ಅರ್ಧವಾಗಿತ್ತು. ಮೊಮ್ಮಗನು ಹಿಂಬಾಗಿಲು ತೆರೆದು ಹೊರಗೆ ಬಂದನು. "ತಾತ, ನಾನೂ!" ಎಂದು ಕೈ ಚಾಚಿದನು. ತಂದೆ ಅಲಗಿನ ಗತಿಯನ್ನು ತಪ್ಪಿಸಿದರು. ಎಂಜಿನ್ ಮೆಲ್ಲನೆ ಗುನುಗುತ್ತಿತ್ತು. ಅವರ ಕಣ್ಣ ಮುಂದೆ ಅರವತ್ತು ವರ್ಷ ಹಿಂದಿನ ಒಂದು ಗದ್ದೆಯಿತ್ತು. ನಾಟಿಗೆ ಮುಂಚೆ ಕೆಸರನ್ನು ಸಮಮಾಡುವ ಮರದ ಹಲಗೆ, ಮುಂದೆ ಜೋಡೆತ್ತು, ಹಲಗೆಗೆ ಭಾರವಿರಲೆಂದು ಅದರ ಮೇಲೆ ಕೂರಿಸಿದ ಒಬ್ಬ ಹುಡುಗ. ಕೆಸರು ಎರಚುತ್ತಿದ್ದರೆ ಆ ಹುಡುಗನಿಗೆ ಆನೆಯ ಅಂಬಾರಿಯಲ್ಲಿ ಕುಳಿತಷ್ಟು ಸಂಭ್ರಮ. ಅವರನ್ನು ಕೂರಿಸಿದ್ದವರು ಅವರ ತಾತ. ಈಗ ತಾವೇ ತಾತ. ಅವರು ಮೊಮ್ಮಗನನ್ನು ತೊಡೆಗೆತ್ತಿಕೊಳ್ಳಲು ಬಾಗಿದರು.

"ಬೇಡ! ಅಪ್ಪ, ಬೇಡ!"

ಮಗನು ಬಾಗಿಲಿನಿಂದ ಓಡಿಬಂದು ಹುಡುಗನನ್ನು ಎಳೆದುಕೊಂಡನು. ಆ ಧ್ವನಿಯನ್ನು ಆತ ತಂದೆಯ ಮುಂದೆ ಎಂದೂ ಎತ್ತಿದವನಲ್ಲ. ಹುಡುಗ ಅಳತೊಡಗಿದನು. ತಂದೆ ಬೀಗದಕೈ ತಿರುಗಿಸಿ ಇಳಿದು, ಮಾತಿಲ್ಲದೆ ಒಳಗೆ ಹೋದರು. ಆ ಮಧ್ಯಾಹ್ನ ಅವರು ಮಜ್ಜಿಗೆಯನ್ನ ಮಾತ್ರ ಉಂಡರು. ನಲವತ್ತು ವರ್ಷದ ಸಂಸಾರದಲ್ಲಿ ತಾಯಿಗೆ ಇದರ ಅರ್ಥ ಗೊತ್ತಿತ್ತು; ಅವರೂ ಸುಮ್ಮನಿದ್ದರು.

ರಾತ್ರಿ ಹುಡುಗನು ಮಲಗಿದ ಮೇಲೆ ಮಗನು ತಂದೆಯ ಬಳಿ ಬಂದು ಕುಳಿತನು.

"ನೀವು ಜಾಗ್ರತೆಯಾಗಿಯೇ ನಡೆಸುತ್ತೀರಿ, ಅಪ್ಪ. ಅಲಗನ್ನೂ ನಿಲ್ಲಿಸಿದ್ದಿರಿ. ಭಯ ಇವತ್ತಿನದಲ್ಲ. ಒಂದು ಸಲ ತೊಡೆಯ ಮೇಲೆ ಕೂತ ಮಗು, ಇನ್ನೊಂದು ದಿನ ಸದ್ದು ಕೇಳಿದ ಕೂಡಲೆ ಓಡಿ ಬರುತ್ತದೆ. ಹಿಂದಿನಿಂದ ಬಂದರೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಆಗ ನಾನು ಬಂಡಿಯನ್ನು ಹಿಂದಕ್ಕೆ ತರುತ್ತಿದ್ದರೆ..."

ಮಾತು ಮುಂದುವರಿಯಲಿಲ್ಲ, ಮುಂದುವರಿಯಬೇಕಾಗಿಯೂ ಇರಲಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ: 16 ವರ್ಷ ತುಂಬದವರು ಕುಳಿತು ನಡೆಸುವ ಯಂತ್ರವನ್ನು ನಡೆಸಕೂಡದು, ನಡೆಸುವವನನ್ನು ಬಿಟ್ಟು ಇನ್ನೊಬ್ಬರು ಅದರ ಮೇಲೆ ಕೂರಕೂಡದು. ಹಿಂದಕ್ಕೆ ಚಲಿಸಿದರೆ ಅಲಗು ತಾನಾಗಿ ನಿಲ್ಲುವ ಏರ್ಪಾಡು ಅನೇಕ ಯಂತ್ರಗಳಲ್ಲಿದೆ. ಅದನ್ನು ತಪ್ಪಿಸುವ ಗುಂಡಿಯೂ ಇದೆ. ಮಕ್ಕಳಿಗೆ ಒದಗುವ ಇಂತಹ ಅಪಘಾತಗಳಲ್ಲಿ ಆಸನದ ಮೇಲೆ ಕುಳಿತಿರುವವರು ಎಷ್ಟೋ ವೇಳೆ ಮಗುವಿನ ತಂದೆಯೋ ತಾತನೋ ಆಗಿರುತ್ತಾರೆ. ಶತ್ರುವಿನ ಕೈಯಿಂದ ಆಗುವ ಕೇಡಿಗಿಂತ ಪ್ರೀತಿಯ ಕೈಯಿಂದ ಆಗುವ ಕೇಡು ಭಾರವಾದುದು.

ತಂದೆ ಬಹಳ ಹೊತ್ತು ಯೋಚಿಸಿದರು. ಗದ್ದೆಯ ಹಲಗೆಯ ಅಡಿಯಲ್ಲಿದ್ದುದು ಕೆಸರು. ಬಿದ್ದರೆ ಕೆಸರಿಗೇ ಬೀಳುತ್ತಿದ್ದರು. ಎತ್ತುಗಳಿಗೆ ಕಣ್ಣಿತ್ತು, ಕಿವಿಯಿತ್ತು. ಮಗು ಅಡ್ಡ ಬಂದರೆ ತಾವಾಗಿ ನಿಲ್ಲುತ್ತಿದ್ದವು. ಕುಡುಗೋಲು ಹಿಡಿದವನಿಗೆ ಅದರ ಹರಿತ ಸದಾ ಕಣ್ಣೆದುರಿಗೆ. ಈ ಬಂಡಿಯಲ್ಲಾದರೋ ಮೇಲೆ ಮೆತ್ತನೆಯ ಆಸನ, ಅಡಿಯಲ್ಲಿ ಕಾಣದ ಕತ್ತಿ. ಕಾಣದಿರುವುದನ್ನು ನೆನಪಿನಲ್ಲಿಡುವುದೇ ಇದನ್ನು ನಡೆಸುವ ವಿದ್ಯೆ.

ಮುಂದಿನ ಶನಿವಾರದಿಂದ ಮನೆಯಲ್ಲಿ ಹೊಸ ಕಟ್ಟಳೆಯಾಯಿತು. ತಂದೆ-ಮಕ್ಕಳಲ್ಲಿ ಒಬ್ಬರು ಬಂಡಿ ನಡೆಸಿದರೆ ಇನ್ನೊಬ್ಬರು ಹುಡುಗನ ಜೊತೆಯಲ್ಲಿ ಮನೆಯೊಳಗಿರಬೇಕು. ಕಿಟಕಿಯ ಬಳಿ ಕಥೆ ಹೇಳುತ್ತ ತಾತ, ಕಥೆ ಕೇಳುತ್ತ ಮೊಮ್ಮಗ.

ಆಗಸ್ಟ್ ತಿಂಗಳಲ್ಲಿ ಹುಲ್ಲಿನ ತುದಿಗಳು ಬಿಳಿಚಿಕೊಂಡವು. ನೀರು ಸಾಲದೆಂದು ಮಗ, ರೋಗವೆಂದು ನೆರೆಯವರು. ತಂದೆ ಒಂದು ಎಸಳನ್ನು ಕಿತ್ತು ಕನ್ನಡಕದ ಹತ್ತಿರ ಹಿಡಿದರು. "ಇದು ಕತ್ತರಿಸಿದ್ದಲ್ಲ ಕಣೋ, ಹರಿದದ್ದು. ಮೊಂಡು ಕುಡುಗೋಲಿನಲ್ಲಿ ಕೊಯ್ದರೆ ಹೀಗೆಯೇ." ಅಲಗು ಮೊಂಡಾಗಿತ್ತು. ಈ ವಿದ್ಯೆಯಲ್ಲಿ ಅವರೇ ಗುರು, ಮಗನೇ ಶಿಷ್ಯ.

ಎಂಜಿನ್ ಅರೆಘಳಿಗೆಯಲ್ಲಿ ತಣಿಯುವುದಿಲ್ಲ. ಪೂರ್ತಿ ತಣಿಯಲು ಬಿಟ್ಟರು. ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿ ಬಿಚ್ಚಿದರು. ಅದು ಬಿಚ್ಚಿದ ಮೇಲೆ ಅಲಗನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಎಚ್ಚರಗೊಳ್ಳದು. ಯಂತ್ರವನ್ನು ಎತ್ತಿ ಭದ್ರವಾದ ಆಧಾರ ಕೊಟ್ಟರು. ಬರಿಯ ಜ್ಯಾಕನ್ನು ನಂಬಿ ಅಡಿಗೆ ಕೈಯಿಡಬಾರದು. ದಪ್ಪ ಕೈಚೀಲ ತೊಟ್ಟು ಅಲಗನ್ನು ಕಳಚಿ, ಇದ್ದ ಓರೆಯನ್ನು ಕೆಡಿಸದೆ ಅರದಿಂದ ಉಜ್ಜಿದರು. ಆಮೇಲೆ ನಡುವಿನ ತೂತಿಗೆ ಮೊಳೆ ತೂರಿಸಿ ತೂಗುಹಾಕಿದರು. ಒಂದು ಕಡೆ ಕೆಳಕ್ಕೆ ಬಾಗಿತು, ಆ ಕಡೆಯನ್ನು ಇನ್ನಷ್ಟು ಉಜ್ಜಿದರು, ತಕ್ಕಡಿಯಂತೆ ಸಮನಾಯಿತು. ತೂಕ ತಪ್ಪಿದ ಅಲಗು ಇಡೀ ಬಂಡಿಯನ್ನು ನಡುಗಿಸಿ ಬೇರಿಂಗನ್ನು ತಿನ್ನುತ್ತದೆ. ಕವಚದ ಒಳಗೆ ಗಟ್ಟಿಯಾಗಿ ಅಂಟಿದ್ದ ಹುಲ್ಲನ್ನು ಕೆರೆದರು. ಸಮನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿದರು, ಗಾಳಿಸೋಸುಕವನ್ನು ಬದಲಾಯಿಸಿದರು. ಪೆಟ್ರೋಲನ್ನು ಎಂಜಿನ್ ತಣಿದ ಮೇಲೆ, ಬಯಲಿನಲ್ಲಿಯೇ ತುಂಬಿದರು. ಅಲ್ಲಿಯವರು ಪೆಟ್ರೋಲಿಗೆ ಗ್ಯಾಸ್ ಎನ್ನುವುದರಿಂದ, "ಗ್ಯಾಸ್ ಮುಗಿದಿದೆ" ಎಂಬ ಮಾತಿಗೆ ತಾಯಿ ಅಡುಗೆಮನೆಯಿಂದ ಗಾಬರಿಯಾಗಿ ಬಂದದ್ದೂ ಆಯಿತು. ಒಂದೇ ಸಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಎತ್ತರ ಕತ್ತರಿಸದೆ, ಕತ್ತರಿಸಿದ್ದನ್ನು ಅಲ್ಲಿಯೇ ಬಿಟ್ಟರೆ ಅದೇ ಗೊಬ್ಬರವೆಂದೂ ತಿಳಿಯಿತು. ಹಸುವಿಗಿಲ್ಲದಿದ್ದರೂ ನೆಲಕ್ಕಾದರೂ ಆಯಿತಲ್ಲ ಎಂದು ತಂದೆಗೆ ಸಮಾಧಾನ. ಎರಡು ವಾರದಲ್ಲಿ ಬಿಳುಪು ಮಾಯವಾಯಿತು.

ಅಕ್ಟೋಬರಿನಲ್ಲಿ ಹುಲ್ಲಿನ ಬೆಳವಣಿಗೆ ಕುಗ್ಗಿತು, ಆಯುಧಪೂಜೆ ಬಂದಿತು. ವಿಜಯದಶಮಿ ಕಳೆದ ವಾರ ತಂದೆತಾಯಿಗಳು ಊರಿಗೆ ಹೊರಡುವವರು. ಚಳಿಗಾಲದ ನಿದ್ರೆಗೆ ಯಂತ್ರವನ್ನು ಸಿದ್ಧಪಡಿಸುವ ಕಾಲವೂ ಅದೇ. ಹಳೆಯ ಎಣ್ಣೆ ತೆಗೆದು ಹೊಸದು ಹಾಕಿ, ಪೆಟ್ರೋಲ್ ಕೆಡದಂತೆ ಮದ್ದು ಬೆರೆಸಿ, ಬಯಲಿನಲ್ಲಿ ಕೆಲವು ನಿಮಿಷ ಎಂಜಿನ್ ಓಡಿಸಿ, ಮೈ ತೊಳೆದು ಒರೆಸಿದರು. ತಾಯಿ ಅರಿಸಿನ, ಕುಂಕುಮ, ನಿಂಬೆಹಣ್ಣು ತಂದರು. ಸೊಸೆ ಅಂಗಳದ ಸೇವಂತಿಗೆ ತಂದಳು. ಕಾರು, ಸುತ್ತಿಗೆ, ತರಕಾರಿ ಹೆಚ್ಚುವ ಚಾಕು ಇವುಗಳ ಸಾಲಿನಲ್ಲಿ ಹುಲ್ಲುಬಂಡಿಯೂ ಕುಂಕುಮವಿಟ್ಟುಕೊಂಡು ನಿಂತಿತು. ಅದರ ಬೀಗದಕೈ ತಂದೆಯ ಜುಬ್ಬದ ಜೇಬಿನಲ್ಲಿತ್ತು.

ಮೊಮ್ಮಗನು ಬಂಡಿಯ ಮೇಲೆ ಒಂದು ಹೂವಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿದನು:

"ತಾತ, ಆಯುಧಪೂಜೆಯಲ್ಲಿ ಬಂಡಿಯನ್ನು ಏಕೆ ಇಟ್ಟಿದ್ದೀರಿ?"

"ನಾನು ಹೆಸರಿಟ್ಟದ್ದು ತಪ್ಪಾಯಿತು ಮಗು" ಎಂದರು ತಾತ. "ಇದು ಬಂಡಿಯಲ್ಲ, ಆಯುಧ."

ಮಗನು ಮಂಗಳಾರತಿಯ ತಟ್ಟೆಯನ್ನು ತಂದೆಯ ಮುಂದೆ ಹಿಡಿದನು.